ಮಧುವಂತಿ ಅನ್ನುವ ಹೆಸರು ಬರಬೇಕಾದ ಜಾಗ

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಿದ್ದಷ್ಟು ದಿನ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರ್ನೆಟ್ ಊದಿಕೊಂಡು ಬಂದವನು ನಾನು. ಮದುವೆಗೆ ಊದಿದಷ್ಟೇ ಸಾವಿಗೂ ಊದಿದ್ದೇನೆ. ಗುಂಡಿ ತೋಡುವುದು ತಡವಾದರೆ ಸ್ಮಶಾನದಲ್ಲೇ ಯಾವುದೋ ಸಮಾಧಿಯ ಕಲ್ಲಿನ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದೇನೆ. ಯಾರಾದರೂ ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದರು ಅಂದರೆ, ಹೆಂಡ ಒಂಚೂರು ಜಾಸ್ತಿಯಾಗಿರಬೇಕು ಬಿಡಪ್ಪ ಅಂತ ನಗುತ್ತಿದ್ದೆ. ಈಗ ಹಾಗೆ ನಗಲು ಆಗುವುದಿಲ್ಲ. ಹಾಗಂತ ನಂಬಿದೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದುವವರು ಏನು ಬೇಕಾದರೂ ಅಂದುಕೊಳ್ಳಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಪೀಪಿ ಹಿಡಿದವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು ಈಗ ಬರೆಯಲು ಕೂತದ್ದು ನನ್ನ ಮೊಮ್ಮಗಳಿಂದ. ಹೋದ ವಾರ ಅವಳಿಗೆ ಮೊದಲ ಹಲ್ಲು ಬಿತ್ತು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಉಂಡೆ ಮಾಡಿ ಮನೆಯ ಮೇಲೆ ಎಸೆಯಬೇಕಲ್ಲ, ಎಸೆದೆವು. ಅದು ನಮ್ಮ ಮನೆ ದಾಟಿ ಪಕ್ಕದವರು ಮಹಡಿಯಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಆಯಮ್ಮ ಮೇಲಿಂದ ಬೈಯುತ್ತಿದ್ದರೆ ಇವಳು ಕೆಳಗೆ ಬೊಚ್ಚುಬಾಯಿ ಬಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಆ ನಗು ನೋಡಿ ನನಗೆ ಅಳು ಬಂತು. ಊರಲ್ಲಿ ಎಷ್ಟು ಮಕ್ಕಳಿಗೆ ಹಲ್ಲು ಬೀಳುವುದಿಲ್ಲ, ಇದರಲ್ಲಿ ಏನು ವಿಶೇಷ ಅಂತ ನೀವು ಕೇಳಬಹುದು. ಇವಳು ಹಲ್ಲು ಬೀಳುವಷ್ಟು ದೊಡ್ಡವಳಾಗುತ್ತಾಳೆ ಅಂತ ಒಂದು ಮಧ್ಯಾಹ್ನ ನಾವ್ಯಾರೂ ನಂಬಿರಲಿಲ್ಲ. ಅದೇ ಆ ಮಧ್ಯಾಹ್ನದ ಮಾತು ಇದು. ಆದರೆ ಅದನ್ನು ಹೇಳಬೇಕಾದರೆ ಮೊದಲು ಒಂದು ಹಾಡಿನ ಕಥೆ ಹೇಳಬೇಕು.

ನಮ್ಮೂರು ಕ್ಯಾಲನೂರಿಗೆ ಹತ್ತಿರ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ಮುಂಚೆ ಒಂದು ಹಾಡು ಹೇಳುತ್ತಿದ್ದರು. ಬಂಡಿ ಪದ ಅಂತ ಕರೆಯುತ್ತಿದ್ದೆವು, ದೊಡ್ಡವರು ಜೀವದ ಪದ ಅನ್ನುತ್ತಿದ್ದರು. ಮನೆಯೊಳಗೆ ಇನ್ನೂ ಸುಳಿದಾಡುತ್ತಿರುವ ಜೀವಕ್ಕೆ, ಹೊರಡುವ ಹೊತ್ತಾಯಿತು ಅಂತ ಹೇಳುವ ಹಾಡು ಅದು. 'ಬಾಗ್ಲಿಗೆ ಬಂಡಿ ಬಂತು, ಬುತ್ತಿ ಕಟ್ಟೋರ್ಯಾರಮ್ಮ, ಬೇಲಿ ದಾಟಿ ಹೋಗೋರ್ನ ಬೈದು ಕರೆಯೋರ್ಯಾರಮ್ಮ' ಅಂತ ಶುರುವಾಗುತ್ತದೆ. ಕೊನೆಯಲ್ಲಿ ಸತ್ತವರ ಹೆಸರು ಹಿಡಿದು, ಹೊತ್ತಾಯ್ತು ಬಾರಮ್ಮ ಅಂತ ಮೂರು ಸಲ ಕೂಗುತ್ತಾರೆ. ಆ ಕೂಗಿಗೆ ಬದುಕಿರುವವರು ಯಾರೂ ಓಗೊಡಬಾರದು, ಓಗೊಟ್ಟರೆ ಅವರೂ ಹೋದ ಹಾಗೇ ಅನ್ನುತ್ತಿದ್ದರು. ಅದಕ್ಕಾಗಿ ಅದೇ ಹೆಸರಿನವರು ಊರಲ್ಲಿ ಯಾರಿದ್ದರೂ ಆ ಹೊತ್ತಿಗೆ ಎದ್ದು ಹೋಗಿಬಿಡಬೇಕು. ಮುನಿಯಮ್ಮ ಸತ್ತರೆ ಉಳಿದ ಮುನಿಯಮ್ಮಂದಿರೆಲ್ಲ ಸೆರಗು ಹೊದ್ದು ಹುಣಸೆಮರದ ಆಚೆ ಹೋಗಿ ನಿಲ್ಲುತ್ತಿದ್ದರು. ನಮ್ಮ ಊರಲ್ಲಿ ಮುನಿಯಮ್ಮಂದಿರಿಗೆ ಬರವೇ? ಅರ್ಧ ಊರೇ ಮರದ ಕೆಳಗೆ ನಿಂತು ಎಲೆಅಡಿಕೆ ಹಾಕುತ್ತಿತ್ತು.

ನಾನು ಈ ಹಾಡನ್ನು ಮೊದಲು ಕೇಳಿದ್ದು ನಮ್ಮ ಅಕ್ಕನ ಬಾಯಲ್ಲಿ. ಅಕ್ಕ ಅಂದರೆ ನನ್ನ ಒಡಹುಟ್ಟಿದ ಅಕ್ಕ, ಮುನಿವೆಂಕಟಮ್ಮ. ಅವಳನ್ನು ಹೋಳೂರಿಗೆ ಕೊಟ್ಟಿದ್ದರು, ಅತ್ತೆಯಿಂದ ಕಲಿತುಕೊಂಡು ಬಂದಳು. ಆಗ ಅದಕ್ಕೆ ತಾಳವೂ ಇರಲಿಲ್ಲ, ಹಾರ್ಮೋನಿಯಮ್ಮೂ ಇರಲಿಲ್ಲ. ಹೆಂಗಸರು ಹೆಣದ ಸುತ್ತ ಕೂತು ಹೇಳುವ ಹಾಡು. ಆಮೇಲೆ ಭಜನೆಯ ಗಂಡಸರು ಅದನ್ನು ಎತ್ತಿಕೊಂಡು ತಾಳಕ್ಕೆ ಕೂಡಿಸಿದರು. ಎಳೆದು ಎಳೆದು ಹೇಳುತ್ತಿದ್ದದ್ದನ್ನು ಸ್ವಲ್ಪ ಓಡಿಸಿದರು. ಗಂಡಸರು ಮುಟ್ಟಿದ ಮೇಲೆ ಹಾಡು ಕೆಟ್ಟಿತು ಅಂತ ಅಕ್ಕ ಕೊನೆಯವರೆಗೂ ಬೈಯುತ್ತಿದ್ದಳು.

ಮತ್ತೆ ಕ್ಯಾಸೆಟ್ಟಿನ ಕಾಲ ಬಂತು. ಕೋಲಾರದಲ್ಲಿ ಒಬ್ಬರು ಹಾರ್ಮೋನಿಯಂ ಮೇಷ್ಟ್ರು ಇದ್ದರು, ಹೊರಗಿನ ಸದ್ದು ಬರದಿರಲಿ ಅಂತ ಹಾಸಿಗೆಗಳನ್ನು ಗೋಡೆಗೆ ನೇತುಹಾಕಿದ ಒಂದು ಕೋಣೆಯಲ್ಲಿ ಬಂಡಿ ಪದವನ್ನು ರೆಕಾರ್ಡ್ ಮಾಡಿಸಿದರು. ಕ್ಲಾರ್ನೆಟ್ ನಂದು. ಆ ದಿನ ದೊಡ್ಡ ತಕರಾರು ಎದ್ದದ್ದು ಹೆಸರಿನ ಬಗ್ಗೆ. ಕೂಗುವ ಜಾಗಕ್ಕೆ ಯಾರದ್ದಾದರೂ ಹೆಸರು ಹಾಕಲೇಬೇಕು, ಇಲ್ಲದಿದ್ದರೆ ಹಾಡು ತಾಳಕ್ಕೆ ಕೂರುವುದಿಲ್ಲ. ಹಾಕಿದರೆ ಆ ಹೆಸರಿನವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತಾರೆ. ಮುನಿ ಬೇಡ, ವೆಂಕಟ ಬೇಡ, ಲಕ್ಷ್ಮಿ ಬೇಡ, ರತ್ನ ಬೇಡ ಅಂತ ತಮಟೆಯವನಿಂದ ಹಿಡಿದು ಟೀ ತಂದವನವರೆಗೂ ಒಬ್ಬೊಬ್ಬರೂ ಒಂದೊಂದು ಹೆಸರು ಬೇಡ ಅಂದರು. ಎಲ್ಲರ ಮನೆಯಲ್ಲೂ ಯಾರೋ ಒಬ್ಬರು ಇದ್ದರು. ಕೊನೆಗೆ ಮೇಷ್ಟ್ರು ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತಾ, ಒಂದು ರಾಗದ ಹೆಸರು ಹಾಕೋಣ ಬಿಡ್ರಯ್ಯ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ತಾಯಿಯೂ ಮಗಳಿಗೆ ಈ ಹೆಸರು ಇಟ್ಟಿರುವುದಿಲ್ಲ ಅಂದರು. ಮಧುವಂತಿ. ಎಲ್ಲರಿಗೂ ಸಮಾಧಾನ ಆಯಿತು. ಇಲ್ಲದ ಹೆಣ್ಣನ್ನು ಕರೆದರೆ ಯಾರಿಗೇನು ನಷ್ಟ?

ಆ ಕ್ಯಾಸೆಟ್ ಹೋದ ಹೋಗು ಏನು ಹೇಳಲಿ. ಮಾಸ್ತಿಗೆ ಹೋಗುವ ಬಸ್ಸಿನಲ್ಲಿ ಅದೇ, ಮಾಲೂರಿನ ಟೀ ಅಂಗಡಿಯಲ್ಲಿ ಅದೇ. ಸಾವಿನ ಮನೆಯಲ್ಲಂತೂ ಹಾಡುವವರೇ ಬೇಡವಾದರು, ಮೈಕ್‌ಸೆಟ್‌ನವನು ಬಂದು ಕ್ಯಾಸೆಟ್ ಹಾಕಿದರೆ ಮುಗಿಯಿತು. ಸತ್ತವರ ಹೆಸರು ಕೂಗುವವರೇ ಇಲ್ಲ. ಸತ್ತವನು ನಾರಾಯಣಪ್ಪನಾದರೂ ಹಾಡು ಮಧುವಂತಿಯನ್ನೇ ಕರೆಯುತ್ತಿತ್ತು. ಅಕ್ಕ ಒಂದು ಸಲ ಹೇಳಿದಳು, ಯಾರು ಸತ್ರೂ ಆ ಒಬ್ಬಳನ್ನೇ ಕರೀತಾರಲ್ಲೋ, ಪಾಪ ಅವಳು ಎಷ್ಟು ಸಲ ಹೋಗಬೇಕು ಅಂತ. ನಾವೆಲ್ಲ ನಕ್ಕೆವು.

ಆಮೇಲೆ ಒಬ್ಬರ ಹಿಂದೆ ಒಬ್ಬರು ಅದನ್ನು ಹಾಡಿದರು. ಗಡಿಯಾಚೆ ತೆಲುಗಿನವರು ಹಾಡಿದರು. ಅವರದು ನಮಗಿಂತ ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳಲೇಬೇಕು, ಹೆಸರಿನ ಗೋಜಿಗೆ ಹೋಗದೆ 'ಬಂಗಾರು ತಲ್ಲಿ', ಅಂದರೆ ಬಂಗಾರದಂಥ ತಾಯಿ, ಅಂತ ಕರೆದುಬಿಟ್ಟಿದ್ದರು. ಅದೇ ಶ್ರೀನಿವಾಸಪುರದ ಕಡೆ ಎಲ್ಲಾ ಹರಡಿತು. ನಮ್ಮ ಬ್ಯಾಂಡ್‌ಸೆಟ್‌ನವರು ಮಾತಿಲ್ಲದೆ ಬರೀ ರಾಗ ಊದಿದೆವು. ಮುಳಬಾಗಿಲಿನ ಒಂದು ಮದುವೆಯಲ್ಲಿ ಹುಡುಗರು ಅದನ್ನೇ ಊದಿ ಅಂತ ಹಟ ಮಾಡಿ ಮೆರವಣಿಗೆಯ ಮುಂದೆ ಕುಣಿದದ್ದೂ ಉಂಟು, ಗಂಡಿನ ಅಜ್ಜಿ ಕಿವಿ ಮುಚ್ಚಿಕೊಂಡು ಕಾರಿನೊಳಗೆ ಕೂತಿದ್ದರು. ಕೀಬೋರ್ಡ್ ಹಾಕಿ ಒಂದು ಸೀಡಿ ಬಂತು, ಅದರಲ್ಲಿ ಹಾಡಿದ ಹುಡುಗಿಗೆ ಅಳುವುದೇ ಬರುತ್ತಿರಲಿಲ್ಲ. ಡಿಜೆಯವರು ಎದೆ ಅದುರುವ ಹಾಗೆ ಮಾಡಿದರು. ಈಗ ಮೊಬೈಲಿನಲ್ಲಿ ಅರ್ಧ ನಿಮಿಷದ ತುಂಡು ಓಡಾಡುತ್ತದೆ. ಎಷ್ಟು ಜನ ಹಾಡಿದರೂ ಕನ್ನಡದಲ್ಲಿ ಮಾತ್ರ ಹೆಸರು ಅದೇ ಉಳಿಯಿತು. ಒಂದು ಸಲ ಕಿವಿಗೆ ಕೂತದ್ದನ್ನು ಬದಲಾಯಿಸಲು ಯಾರಿಗೂ ಮನಸ್ಸು ಬರಲಿಲ್ಲ.

ನನ್ನ ಮಗ ಹಾಲಿನ ಡೇರಿಯಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಸುಜಾತ ಶ್ರೀನಿವಾಸಪುರದ ಕಡೆಯವಳು, ಬಿಎ ಓದಿದವಳು, ತವರಿನಲ್ಲಿ ತೆಲುಗು ಮಾತು. ಮಗಳು ಹುಟ್ಟಿದಾಗ ಹೆಸರು ಹುಡುಕಿದ್ದು ಅವಳೇ, ಮೊಬೈಲಿನಲ್ಲಿ. ಅವಳು ಕೇಳಿಕೊಂಡು ಬೆಳೆದದ್ದು ಬಂಗಾರು ತಲ್ಲಿಯ ಹಾಡು, ನಮ್ಮದರಲ್ಲಿ ಯಾವ ಹೆಸರಿದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ನಾಮಕರಣ ಅವಳ ತವರಿನಲ್ಲಿ. ಎಲ್ಲರೂ ಕೂತ ಮೇಲೆ, ಮಧುವಂತಿ ಅಂತ ಇಡ್ತೀವಿ ಮಾವ, ಎಷ್ಟು ಚೆನ್ನಾಗೈತಲ್ವಾ ಅಂದಳು. ನನ್ನ ಮಗ ಕೂಡ ನಗುತ್ತಾ ನಿಂತಿದ್ದ. ಈಗಿನವರು ಹಾಡು ಕೇಳುತ್ತಾರೆ, ಹೆಸರು ಗಮನಿಸುವುದಿಲ್ಲ. ನಾನು ಬಾಯಿ ತೆರೆಯಲಿಲ್ಲ. ಹಾಡಿಗೆ ಏನು ಗೊತ್ತು, ಮಗುವಿಗೆ ಏನು ಗೊತ್ತು, ಅಂಥದ್ದನ್ನೆಲ್ಲ ನಂಬದವನು ನಾನು.

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ಮಗನಿಗೆ ಅಕ್ಕ ತಂಗಿಯರಿಲ್ಲ, ಹಾಗಾಗಿ ಆ ಜಾಗಕ್ಕೆ ನಮ್ಮ ಅಕ್ಕನನ್ನೇ ಕೂರಿಸಿದರು. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು, ನನ್ನ ಹೆಂಡತಿ ಹೋದ ಮೇಲೆ ಮನೆ ನಡೆಸಿದವಳೂ ಅವಳೇ. ವೀಳ್ಯದೆಲೆ ಅಡ್ಡ ಹಿಡಿದು ಮಗುವಿನ ಕಿವಿಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು.

"ನಾನು ಹೆಸರು ಹೇಳ್ಲಿಲ್ಲ ಕಣೋ. ಸುಮ್ನೆ ತುಟಿ ಆಡಿಸ್ದೆ."

ಅಕ್ಕ ಆಮೇಲೂ ಆ ಹೆಸರು ಬಾಯಿಗೆ ತರಲಿಲ್ಲ. ಪಾಪು ಅನ್ನುವಳು, ಚಿಟ್ಟಿ ಅನ್ನುವಳು, ಸಿಟ್ಟು ಬಂದರೆ ಕತ್ತೆ ಅನ್ನುವಳು. ಊರವರು ಸುಜಾತಳಿಗೆ ವಿಷಯ ಮುಟ್ಟಿಸುವುದಕ್ಕೆ ಒಂದು ವರ್ಷವೂ ಬೇಕಾಗಲಿಲ್ಲ. ಒಂದೆರಡು ದಿನ ಊಟ ಬಿಟ್ಟಳು, ಯಾಕೆ ಮಾವ ನೀವಾದ್ರೂ ಹೇಳ್ಬಾರ್ದಿತ್ತಾ ಅಂದಳು. ನಾನು ಇದೆಲ್ಲ ಹುಚ್ಚು ಕಣಮ್ಮ ಅಂದೆ. ಬದಲಾಯಿಸೋಣ ಅಂದುಕೊಂಡರು, ಇವತ್ತು ನಾಳೆ ಅಂತ ಹಾಗೇ ಉಳಿಯಿತು.

ಮಗು ಮೂರನೇ ವರ್ಷಕ್ಕೆ ಬಿದ್ದಿತ್ತು. ಮಳೆಗಾಲ ಮುಗಿಯುವ ಹೊತ್ತು, ಊರೆಲ್ಲ ಜ್ವರ. ನಮ್ಮ ಮಗುವಿಗೂ ಬಂತು. ಮೊದಲು ಮಾತ್ರೆ ಕೊಟ್ಟು ಕೂತೆವು, ಆಮೇಲೆ ಮೈಮೇಲೆ ಕೆಂಪು ಚುಕ್ಕೆ ಎದ್ದವು. ಕೋಲಾರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡೆಂಗಿ ಅಂದರು. ಪ್ಲೇಟ್‌ಲೆಟ್ ಇಳಿಯುತ್ತಿದೆ ಅಂದರು. ಅದು ಏನು ಅಂತ ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ, ಆದರೆ ಅದು ಇಳಿದ ಹಾಗೆಲ್ಲ ಡಾಕ್ಟರ ಮುಖವೂ ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆ ದಿನ ಬೆಳಿಗ್ಗೆ ಮಗು ಕಣ್ಣು ಬಿಡುವುದನ್ನೇ ನಿಲ್ಲಿಸಿತು. ಕರೆದರೆ ರೆಪ್ಪೆ ಮಾತ್ರ ಅಲುಗುತ್ತಿತ್ತು. ಸಂಜೆವರೆಗೂ ಹೀಗೇ ಇದ್ದರೆ ಬೆಂಗಳೂರಿಗೆ ಒಯ್ಯಿರಿ, ಆದರೆ ದಾರಿಯನ್ನು ಈ ಮೈ ತಡೆದುಕೊಳ್ಳುತ್ತದೆ ಅಂತ ನಾನು ಮಾತು ಕೊಡಲಾರೆ ಅಂದರು ಡಾಕ್ಟರು. ಮಗ ರಕ್ತಕ್ಕಾಗಿ ಓಡಾಡಲು ಹೋದ.

ಕೋಣೆಯಲ್ಲಿ ಉಳಿದವರು ಸುಜಾತ, ನಾನು, ಅಕ್ಕ. ಅಕ್ಕ ಬೆಳಗಿನ ಬಸ್ಸಿಗೇ ರಾಗಿ ಗಂಜಿ ಮಾಡಿಕೊಂಡು ಬಂದಿದ್ದಳು. ಕುಡಿಯುವವರು ಯಾರೂ ಇಲ್ಲದೆ ಅದು ಹಾಗೇ ಕೂತಿತ್ತು. ಅವಳಿಗೆ ಆಗ ವಯಸ್ಸಾಗಿತ್ತು ನಿಜ, ಆದರೆ ಗಟ್ಟಿ ಹೆಂಗಸು. ಮಹಡಿ ಮೆಟ್ಟಿಲನ್ನು ನನಗಿಂತ ಮುಂಚೆ ಹತ್ತಿ ಬಂದು, ಏನ್ಲಾ, ಪೀಪಿ ಊದಿ ಊದಿ ಉಸಿರೆಲ್ಲ ಖಾಲಿಯಾಯ್ತಾ ಅಂತ ನನ್ನನ್ನೇ ಅಣಕಿಸಿದ್ದಳು. ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು ಕಾಲ ಬುಡದಲ್ಲಿ ಕೂತಿದ್ದಳು.

ಊಟದ ಹೊತ್ತು ದಾಟಿರಬೇಕು. ಬಿಸಿಲು ಸುಡುತ್ತಿತ್ತು. ಕಿಟಕಿಯ ಕೆಳಗೆ ದೊಡ್ಡ ರಸ್ತೆ. ದೂರದಿಂದ ತಮಟೆಯ ಸದ್ದು ಕೇಳಿಸಿತು. ಹಾಡು ಹತ್ತಿರವಾಗುವ ಮುಂಚೆಯೇ ನನಗೆ ಅದು ಯಾವುದು ಅಂತ ಗೊತ್ತಾಯಿತು, ಯಾಕೆಂದರೆ ಅದರಲ್ಲಿ ಊದಿದ್ದು ನಾನೇ. ಮೊದಲ ಕ್ಯಾಸೆಟ್ಟಿನ ಹಾಡು. ಯಾರದೋ ಹೆಣವನ್ನು ಹೂವಿನ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು, ಮುಂದೆ ಸ್ಪೀಕರ್ ಕಟ್ಟಿದ್ದರು. ಎದುರಿಗೆ ಒಂದು ಲಾರಿ ಸಾಮಾನು ಇಳಿಸುತ್ತಾ ಅಡ್ಡ ನಿಂತಿತ್ತು. ಟ್ರ್ಯಾಕ್ಟರು ಸರಿಯಾಗಿ ನಮ್ಮ ಕಿಟಕಿಯ ಕೆಳಗೆ ನಿಂತಿತು.

ಸುಜಾತ ಎದ್ದು ಕಿಟಕಿ ಹಾಕಲು ಹೋದಳು, ಚಿಲಕ ಕಿತ್ತುಹೋಗಿತ್ತು, ಬಾಗಿಲು ನಿಲ್ಲಲಿಲ್ಲ. ಓಡಿ ಬಂದು ಮಗುವಿನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದಳು. ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿದ್ದದ್ದನ್ನು ನಾನು ಬರೆಯಲಾರೆ. ಇದೆಲ್ಲ ಹುಚ್ಚು ಕಣಮ್ಮ ಅನ್ನುವ ಮಾತು ಆಗ ನನ್ನ ಬಾಯಿಗೆ ಬರಲಿಲ್ಲ. ಕೆಳಗೆ ಇಳಿದು ಹೋಗೋಣವೆಂದರೆ, ಹೆಣದ ಮುಂದೆ ನಿಂತು ಹಾಡು ನಿಲ್ಲಿಸಿ ಅನ್ನುವುದು ಹೇಗೆ?

ಆ ಹಾಡಿನ ಒಂದೊಂದು ಉಸಿರೂ ನನಗೆ ಗೊತ್ತು. ಹೆಸರು ಬರುವ ಮುಂಚೆ ನನ್ನ ಕ್ಲಾರ್ನೆಟ್ ಒಂಚೂರು ಮೇಲಕ್ಕೆ ಹತ್ತಿ ಅಲ್ಲೇ ನಿಲ್ಲುತ್ತದೆ. ನಿಂತ ತಕ್ಷಣ ಹಾಡುವವರು 'ಮಧುವಂತೀ' ಅಂತ ಕೂಗುತ್ತಾರೆ. ಅಲ್ಲಿಂದ ತಮಟೆ. ಆ ದಿನವೂ ಕ್ಲಾರ್ನೆಟ್ ಮೇಲಕ್ಕೆ ಹತ್ತಿತು, ನಿಂತಿತು.

ಹೆಸರು ಬರಲಿಲ್ಲ.

ತಮಟೆ ಬಿಡಲಿಲ್ಲ, ತಾಳ ಬಿಡಲಿಲ್ಲ. ಹಾಡುವವರ ದನಿ ಮಾತ್ರ ಆ ಜಾಗದಲ್ಲಿ ಇರಲಿಲ್ಲ. ಮುಂದಿನ ಮಾತು, 'ಹೊತ್ತಾಯ್ತು ಬಾರಮ್ಮ' ಅನ್ನುವುದು ಸ್ಪಷ್ಟವಾಗಿ ಕೇಳಿಸಿತು. ಕೂಗಬೇಕಾದ ಹೆಸರಿನಷ್ಟು ಉದ್ದಕ್ಕೆ ಖಾಲಿ. ಎರಡನೇ ಸಲವೂ ಅದೇ. ಸುಜಾತ ಮಗುವಿನ ಕಿವಿ ಮುಚ್ಚಿಕೊಂಡೇ ಕಿಟಕಿಯ ಕಡೆ ತಿರುಗಿದಳು, ಅವಳೂ ಕೇಳಿಸಿಕೊಳ್ಳುತ್ತಿದ್ದಳು. ಮೂರನೇ ಸಲ ಕ್ಲಾರ್ನೆಟ್ ನಿಂತಿತು, ಮತ್ತೆ ಖಾಲಿ. ಆ ಖಾಲಿಯಲ್ಲಿ ನಮ್ಮ ಅಕ್ಕ ಮಾತಾಡಿದಳು.

"ಓ... ಬಂದೆ ಇರಮ್ಮ."

ಹುಲ್ಲಿಗೆ ಹೋಗೋಣ ಬಾ ಅಂತ ಪಕ್ಕದ ಮನೆಯವರು ಕರೆದರೆ ಒಳಗಿಂದ ಹೇಗೆ ಓಗೊಡುತ್ತಾರೋ, ಅಷ್ಟೇ ಸಾಧಾರಣವಾಗಿ. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಕೆಳಗೆ ಲಾರಿ ಜರುಗಿತು, ಟ್ರ್ಯಾಕ್ಟರು ಮುಂದಕ್ಕೆ ಹೋಯಿತು, ಹಾಡು ಸಣ್ಣದಾಯಿತು. ನಾನು ಅವಳನ್ನೇ ನೋಡುತ್ತಿದ್ದೆ.

"ಏನ್ಲಾ ಹಂಗೆ ನೋಡ್ತೀಯ?"

"ಯಾರಿಗಕ್ಕ ಓಗೊಟ್ಟಿದ್ದು?"

"ಯಾರೋ ಕರೆದಂಗಾಯ್ತು. ಯಾರೂ ಓ ಅನ್ಲಿಲ್ಲ ಅಂದ್ರೆ ಮನೆ ತಂಕ ಬರ್ತಾರೆ ಕಣೋ."

ಅಷ್ಟೇ ಹೇಳಿದ್ದು.  ಅವಳು ಗಂಜಿಯ ಡಬ್ಬಿಯನ್ನು ತೊಳೆದಿಟ್ಟಳು. ಮಗುವಿನ ಪಾದವನ್ನು ಒಂದು ಸಲ ಒತ್ತಿದಳು. ಹಸು ಕರೆಯುವ ಹೊತ್ತಾಯಿತು, ಬೇರೆಯವರ ಕೈಗೆ ಅದು ಸೊರೆ ಬಿಡುವುದಿಲ್ಲ, ನಾನು ಹೋಗ್ತೀನಿ ಅಂದಳು. ಸುಜಾತ ಬಾಗಿಲವರೆಗೂ ಹೋಗಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಬಿಡೇ ಹುಚ್ಚಿ, ಬಸ್ಸು ಹೋಗುತ್ತೆ ಅಂತ ಅಕ್ಕನೇ ಬಿಡಿಸಿಕೊಂಡಳು.

ಹೊತ್ತು ಇಳಿಯುವಾಗ ಮಗುವಿನ ಹಣೆಯಲ್ಲಿ ಬೆವರು ಕಾಣಿಸಿತು. ನರ್ಸು ಬಂದು ನೋಡಿ ಡಾಕ್ಟರನ್ನು ಕರೆದಳು. ಕತ್ತಲಾಗುವ ಮುಂಚೆ ಮಗು ಕಣ್ಣು ಬಿಟ್ಟು, ಕೂಡಲೇ ಮೊಸರನ್ನ ಬೇಕು ಅಂತ ಹಟ ಹಿಡಿಯಿತು. ಆ ಹಟಕ್ಕೆ ನಾನು ಗೋಡೆಗೆ ಮುಖ ಮಾಡಿಕೊಂಡು ಅತ್ತೆ. ಮಗ ಓಡಿ ಬಂದು ಬಾಗಿಲಲ್ಲಿ ನಿಂತಿದ್ದ. ನಾವು ಮೂವರೂ ನಗುತ್ತಾ ಅಳುತ್ತಾ ಇರುವಾಗಲೇ ಊರಿಂದ ಫೋನು ಬಂತು. ಅಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆದು ಮುಗಿಸಿ, ತಂಬಿಗೆಯನ್ನು ಪಕ್ಕಕ್ಕೆ ಇಟ್ಟು, ಗೂಟಕ್ಕೆ ಒರಗಿ ಕೂತವಳು ಹಾಗೇ ಹೋಗಿದ್ದಳು. ಒಂದು ತೊಟ್ಟು ಹಾಲೂ ಚೆಲ್ಲಿರಲಿಲ್ಲವಂತೆ.

ಮಾರನೆಯ ದಿನ ಅವಳನ್ನು ಹೊರಗೆ ಕೂರಿಸಿದರು. ಮೈಕ್‌ಸೆಟ್‌ನವನು ಬಂದಿದ್ದ. ಅವನನ್ನು ನಾನು ವಾಪಸು ಕಳಿಸಿದೆ. ಕ್ಯಾಸೆಟ್ ಬೇಡ, ಅವಳ ಹಾಡನ್ನು ಅವಳು ಕಲಿತಿದ್ದ ಹಾಗೆಯೇ ಹೇಳಿ ಅಂತ ಹೋಳೂರಿಂದ ಬಂದಿದ್ದ ಮುದುಕಿಯರನ್ನು ಬೇಡಿಕೊಂಡೆ. ಬಾಯಿಗೆ ಅಕ್ಕಿ ಹಾಕುವುದು ಮುಗಿಯಿತು. ಊರಲ್ಲಿದ್ದ ಉಳಿದ ಮುನಿವೆಂಕಟಮ್ಮಂದಿರು ಎದ್ದು ಹುಣಸೆಮರದ ಕಡೆ ಹೊರಟರು. ಎಷ್ಟೋ ವರ್ಷಗಳ ಮೇಲೆ ಹಾಗೆ ಜನ ಎದ್ದು ಹೋದದ್ದನ್ನು ನೋಡಿದೆ. ಮುದುಕಿಯರು ಎಳೆದು ಎಳೆದು ಹೇಳುತ್ತಾ ಬಂದರು. ಕೂಗುವ ಜಾಗಕ್ಕೆ ಬಂದರು. ಹೆಸರು ಹಿಡಿಯಲು ಹಿರಿಯ ಮುದುಕಿ ಉಸಿರು ಎಳೆದುಕೊಂಡಳು.

ಸುಜಾತ ಮಗುವನ್ನು ತವರಿಂದ ಬಂದಿದ್ದ ತನ್ನ ತಾಯಿಯ ಹತ್ತಿರ ಬಿಟ್ಟು ಆಗ ತಾನೇ ಆಸ್ಪತ್ರೆಯಿಂದ ಬಂದಿದ್ದಳು. ಮಾವನ ಮುಂದೆ, ಅಷ್ಟು ಜನದ ಮುಂದೆ ಎಂದೂ ದನಿ ಎತ್ತಿದವಳಲ್ಲ. ಗುಂಪಿನಿಂದ ಎದ್ದು ನಿಂತಳು.

"ಕೂಗ್ಬೇಡಿ ಅಜ್ಜಿ. ಅವ್ರು ಆಗ್ಲೇ ಓಗೊಟ್ಟವ್ರೆ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಆದರೂ ಆ ಮುದುಕಿ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟಳು, ಹಾಡು ಅಲ್ಲಿಗೇ ನಿಂತಿತು. ಹೆಸರು ಕೂಗದೆಯೇ ನಮ್ಮ ಅಕ್ಕನನ್ನು ಎತ್ತಿದೆವು. ಕ್ಲಾರ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ಊದಲಿಲ್ಲ. ಆಮೇಲೆ ಯಾವ ಸಾವಿಗೂ ಊದಲಿಲ್ಲ.

ನಾನು ಸುಮ್ಮನೆ ಕೂತವನಲ್ಲ. ತಿಥಿ ಕಳೆದ ಮೇಲೆ ಕೋಲಾರಕ್ಕೆ ಹೋಗಿ ಆ ಟ್ರ್ಯಾಕ್ಟರಿಗೆ ಸ್ಪೀಕರ್ ಕೊಟ್ಟಿದ್ದ ಶಾಮಿಯಾನದ ಅಂಗಡಿಯನ್ನು ಹುಡುಕಿದೆ. ಅಂಗಡಿಯವನು ಒಳ್ಳೆಯವನು, ನನ್ನ ಮಾತಿಗೆ ನಗದೆ ಅದೇ ಪೆನ್‌ಡ್ರೈವ್ ಹಾಕಿ ನನ್ನ ಮುಂದೆ ಹಾಡು ನುಡಿಸಿದ. ಕ್ಲಾರ್ನೆಟ್ ಹತ್ತಿತು, ನಿಂತಿತು, ಮಧುವಂತೀ ಅಂತ ಮೂರು ಸಲವೂ ಸ್ಪಷ್ಟವಾಗಿ ಕೇಳಿಸಿತು. ವೈರು ಸಡಿಲ ಆಗಿತ್ತೇನೋ ಯಜಮಾನ್ರೇ ಅಂದ. ವೈರು ಸಡಿಲವಾದರೆ ತಮಟೆಯೂ ಹೋಗಬೇಕು, ನನ್ನ ಕ್ಲಾರ್ನೆಟ್ಟೂ ಹೋಗಬೇಕು. ಒಂದು ಹೆಸರನ್ನು ಮಾತ್ರ ಹೆಕ್ಕಿ ತೆಗೆಯುವ ವೈರು ಎಲ್ಲಿದೆ? ಹೆಣದ ಹಿಂದೆ ನಡೆದಿದ್ದ ಒಬ್ಬರನ್ನೂ ಹಿಡಿದು ಕೇಳಿದೆ, ಅಣ್ಣ ಹೋದ ದುಃಖದಲ್ಲಿ ಹಾಡು ಯಾರು ಕೇಳಿಸಿಕೊಳ್ಳುತ್ತಾರೆ ಸ್ವಾಮಿ ಅಂದರು. 

ಡಾಕ್ಟರನ್ನು ಕೇಳಿದಾಗ, ಈ ಜ್ವರ ಇಳಿಯುವುದೇ ಹೀಗೆ, ಒಂದು ಹೊತ್ತು ದಾಟಿದರೆ ಮಗು ತಾನಾಗಿ ಎದ್ದು ಕೂರುತ್ತದೆ ಅಂದರು. ಅಕ್ಕನ ವಯಸ್ಸಿಗೆ ಹಾಗೆ ಹೋಗುವುದೂ ಹೊಸದಲ್ಲ, ಪುಣ್ಯವಂತೆ ಅಂದರು. ಎರಡೂ ನಿಜ ಇರಬಹುದು. ನಾನು ತಲೆಯಾಡಿಸಿದೆ. ನಾನು ಕೇಳಿದ್ದನ್ನು ಸುಜಾತಳೂ ಕೇಳಿದ್ದಾಳೆ, ಅವಳು ಓದಿದವಳು. ಒಂದೇ ಒಂದು ಸಲ ನಾವಿಬ್ಬರೂ ಅದರ ಬಗ್ಗೆ ಮಾತಾಡಿದ್ದೇವೆ, ಮತ್ತೆ ಆಡಿಲ್ಲ. ಅಕ್ಕ ಮಗುವಿನ ಕಿವಿಯಲ್ಲಿ ಹೆಸರು ಹೇಳದೆ ಬಿಟ್ಟದ್ದಕ್ಕೂ, ಹಾಡು ಹೆಸರು ಹೇಳದೆ ಬಿಟ್ಟದ್ದಕ್ಕೂ ಏನಾದರೂ ಸಂಬಂಧ ಇದೆಯಾ ಅಂತ ಹಿಂದೆ ಮುಂದೆ ಎಷ್ಟು ತಿರುಗಿಸಿದರೂ ನನ್ನ ತಲೆಗೆ ಹತ್ತುವುದಿಲ್ಲ. ಅವಳಿಗೆ ಏನು ಕೇಳಿಸಿತೋ, ಯಾರು ಕರೆದರೋ, ಅದನ್ನು ಅವಳೇ ತಗೊಂಡು ಹೋದಳು.

ಮೊಮ್ಮಗಳನ್ನು ಈಗ ಸ್ಕೂಲಿನಲ್ಲೂ ಚಿಟ್ಟಿ ಅಂತಲೇ ಕರೆಯುತ್ತಾರೆ. ಅವಳು ಕುಂಟೆಬಿಲ್ಲೆ ಆಡುವುದನ್ನು ನೋಡುತ್ತಾ ಕೂತರೆ ನನಗೆ ಹಸಿವು ಗೊತ್ತಾಗುವುದಿಲ್ಲ. ನನ್ನ ತಟ್ಟೆಯ ಮುದ್ದೆಯನ್ನು ಅರ್ಧ ಕಿತ್ತುಕೊಳ್ಳುತ್ತಾಳೆ, ನನ್ನ ಮೀಸೆ ಎಳೆಯುತ್ತಾಳೆ, ಕ್ಲಾರ್ನೆಟ್ ಬಾಯಿಗೆ ಇಟ್ಟುಕೊಂಡು ಬಾತುಕೋಳಿಯ ಹಾಗೆ ಕೂಗಿಸುತ್ತಾಳೆ. ಇಷ್ಟು ಸಂತೋಷವನ್ನು ಎಲ್ಲಿಡಲಿ ಅಂತ ಕೆಲವು ಸಲ ಹೆದರಿಕೆಯಾಗುತ್ತದೆ. ಇದರ ಬೆಲೆಯನ್ನು ಯಾರೋ ತೆತ್ತಿದ್ದಾರೆ ಅನ್ನಿಸಿದಾಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಹಲ್ಲು ಬಿದ್ದ ದಿನವೇ ಮಾಲೂರಿಂದ ಒಬ್ಬ ಬಂದಿದ್ದ. ಸ್ಟುಡಿಯೋ ಇಟ್ಟಿದ್ದಾನೆ, ಬಂಡಿ ಪದವನ್ನು ಹೊಸದಾಗಿ ಮಾಡುತ್ತಾನಂತೆ. ಮೊದಲ ಕ್ಯಾಸೆಟ್ಟಿನವರಲ್ಲಿ ಉಳಿದವರು ನೀವೊಬ್ಬರೇ, ಅದರ ಕಥೆಯೆಲ್ಲ ಹೇಳಿ ಅಂದ. ಹೇಳಿದೆ, ಈ ಮಧ್ಯಾಹ್ನದ್ದೊಂದು ಬಿಟ್ಟು. ಎಲ್ಲ ಕೇಳಿದ ಮೇಲೆ, ಹಳೇ ಹೆಸರು ಬೇಡ ಯಜಮಾನ್ರೇ, ಎಲ್ಲರೂ ಅದನ್ನೇ ಹಾಕವ್ರೆ, ನಾನು ಯಾವ ಹೆಸರು ಹಾಕ್ಲಿ ನೀವೇ ಹೇಳಿ ಅಂದ. ನಾನು ಒಂದೊಂದೇ ಹೆಸರು ಮನಸ್ಸಿನಲ್ಲಿ ತಂದುಕೊಂಡೆ. ಆ ಹೆಸರಿನ ಮಗು ಎಲ್ಲೋ ಒಂದು ಕಡೆ ಆಡುತ್ತಾ ಕಂಡಿತು. ನಾನು ಮಾತಾಡದಿದ್ದದ್ದನ್ನು ನೋಡಿ ಅವನೇ, ಹಂಗಾದ್ರೆ ಖಾಲಿ ಬಿಡ್ತೀನಿ, ಬರೀ ತಮಟೆ, ಅದೂ ಒಂಥರಾ ಚೆನ್ನಾಗಿರುತ್ತೆ ಅಂದ. ನಾನು ಟೀ ಲೋಟವನ್ನು ಕೆಳಗೆ ಇಟ್ಟೆ. ಖಾಲಿ ಬಿಟ್ಟರೆ ಯಾರಾದರೂ ಓಗೊಡುತ್ತಾರೆ ಅಂತ ಅವನಿಗೆ ಹೇಗೆ ಹೇಳಲಿ? ಯೋಚನೆ ಮಾಡಿ ಹೇಳ್ತೀನಿ ಅಂತ ಕಳಿಸಿದೆ.

ಅವನು ದಿನಾ ಫೋನ್ ಮಾಡುತ್ತಾನೆ. ಇದನ್ನು ಬರೆಯುತ್ತಿರುವಾಗಲೂ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಮೊಮ್ಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿ ಬಂದಳು.

"ತಾತಾ, ನಿನ್ನೇ ಕರೀತಾವ್ರೆ."

ನಾನು ಅವಳನ್ನು ಎತ್ತಿಕೊಂಡೆ. ಅದು ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಲ್ಲುವವರೆಗೂ ಇಬ್ಬರೂ ಅದನ್ನು ನೋಡುತ್ತಾ ಕೂತಿದ್ದೆವು.